ಹೈಸ್ಕೂಲು, ಪಿಯು ಮಕ್ಕಳಿಗೆ ಕಷ್ಟದ ಮೋಜಿನ ಲೆಕ್ಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುವರೆಗಿನ ಮಕ್ಕಳ ಜೊತೆ ರಜೆಯ ದಿನ ಕೂತು ಲೆಕ್ಕ ಬಿಡಿಸುವ ಅಭ್ಯಾಸ ನನ್ನದು. ಅವರು ಕೇಳುವ ಪ್ರಶ್ನೆಗಳು, ಅವರನ್ನು ಬಿಡಲು ಬಂದ ಅಪ್ಪ ಅಮ್ಮಂದಿರು ಬಾಗಿಲಲ್ಲೇ ನಿಂತು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ.

ಪರೀಕ್ಷೆಯ ಲೆಕ್ಕವಾ, ಒಗಟಾ, ಒಲಿಂಪಿಯಾಡಾ? ಯಾವ ಬಗೆಯ ಲೆಕ್ಕದ ಮಾತು ಇದು?

ಪ್ರಶ್ನೆ ಓದಿದರೆ ಎಂಟನೇ ಕ್ಲಾಸಿನ ಹುಡುಗಿಗೂ ಅರ್ಥವಾಗಬೇಕು. ಉತ್ತರ ಮಾತ್ರ ಪಠ್ಯಪುಸ್ತಕದ ಯಾವ ಸೂತ್ರದಲ್ಲೂ ಸಿದ್ಧವಾಗಿ ಕೂತಿರಬಾರದು. ಅಂಥ ಲೆಕ್ಕಗಳ ಮಾತು ಇದು. ಬೆಂಕಿಕಡ್ಡಿ ಒಂದನ್ನು ಸರಿಸಿ ಸಮೀಕರಣ ಸರಿಮಾಡಿ ಎನ್ನುವ ವಾಟ್ಸಾಪ್ ಒಗಟುಗಳನ್ನು ಇದಕ್ಕೆ ಸೇರಿಸಬೇಡಿ. ಅಲ್ಲಿ ಇರುವುದು ಬರೀ ಟೋಪಿ ಹಾಕುವ ಆಟ.

ಒಂದು ಮಾದರಿ ನೋಡಿ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ಶುರುವಾಗಿದ್ದು 1959ರಲ್ಲಿ, ರೊಮೇನಿಯಾದಲ್ಲಿ. ಅದರ ಮೊಟ್ಟಮೊದಲ ಪ್ರಶ್ನೆ: ನ ಯಾವುದೇ ಸ್ವಾಭಾವಿಕ ಸಂಖ್ಯೆಯಾಗಲಿ, (21ನ + 4)/(14ನ + 3) ಎಂಬ ಭಿನ್ನರಾಶಿಯನ್ನು ಇನ್ನಷ್ಟು ಸಂಕ್ಷೇಪಿಸಲು ಆಗುವುದಿಲ್ಲ ಎಂದು ಸಾಧಿಸಿ. ನೋಡಿದರೆ ಭಯ. ಆದರೆ ಛೇದವನ್ನು 3ರಿಂದ ಗುಣಿಸಿದರೆ 42ನ + 9. ಅಂಶವನ್ನು 2ರಿಂದ ಗುಣಿಸಿದರೆ 42ನ + 8. ಎರಡರ ವ್ಯತ್ಯಾಸ 1. ಅಂಶ, ಛೇದ ಎರಡನ್ನೂ ಭಾಗಿಸುವ ಸಂಖ್ಯೆ ಯಾವುದೇ ಇದ್ದರೂ ಅದು 1ನ್ನೂ ಭಾಗಿಸಲೇಬೇಕು, ಅಂದರೆ ಅದು 1 ಮಾತ್ರ. ಮುಗಿಯಿತು. ಬಳಸಿದ್ದು ಮ.ಸಾ.ಅ. ಅಷ್ಟೇ, ಅದನ್ನು ಪ್ರೈಮರಿಯಲ್ಲೇ ಕಲಿತಿರುತ್ತೀರಿ.

ಮುಂದೆ ಬಂದ ಪ್ರಶ್ನೆಗಳೆಲ್ಲ ಇಷ್ಟು ಸಲೀಸಲ್ಲ. ಆದರೆ ಒಳಗಿನ ರುಚಿ ಇದೇ.

ಇದಕ್ಕೆ ಕ್ಯಾಲ್ಕುಲಸ್ ಬೇಕಾ? ಯಾವ ಯಾವ ಪಾಠ ಮುಗಿಸಿಕೊಂಡು ಬರಬೇಕು?

ಕ್ಯಾಲ್ಕುಲಸ್ ಬೇಡ. ಸಂಖ್ಯೆಗಳ ಗುಣ, ಬೀಜಗಣಿತ, ರೇಖಾಗಣಿತ, ಎಣಿಕೆ: ಈ ನಾಲ್ಕೇ ಅಂಗಳ. ಎಸ್ಸೆಸ್ಸೆಲ್ಸಿ ಗಣಿತ ಗಟ್ಟಿಯಾಗಿದ್ದು, ಪ್ರಥಮ ಪಿಯುವಿನ ಕ್ರಮಯೋಜನೆ ಮತ್ತು ವಿಕಲ್ಪದ ಪಾಠ ಅರ್ಥವಾಗಿದ್ದರೆ ಹೊರಡಲು ಸಾಕು. ಶೇಷಗಳ ಲೆಕ್ಕಾಚಾರ, ಅಂದರೆ 7ರಿಂದ ಭಾಗಿಸಿದರೆ ಎಷ್ಟು ಉಳಿಯುತ್ತದೆ ಎಂಬ ಜಾತಿಯದು, ಶಾಲೆಯಲ್ಲಿ ಸರಿಯಾಗಿ ಹೇಳಿಕೊಡುವುದಿಲ್ಲ. ಅದನ್ನು ಬೇರೆಯಾಗಿ ಕಲಿತುಕೊಳ್ಳಿ. "ಎಲ್ಲ ಪಾಠ ಮುಗಿಸಿ ಆಮೇಲೆ ಲೆಕ್ಕಕ್ಕೆ ಕೂರ್ತೀನಿ" ಎನ್ನುವವರು ಕೂರುವುದೇ ಇಲ್ಲ.

ಪ್ರಶ್ನೆ ಓದಿ ಹಾಳೆ ಮುಂದೆ ಕೂತರೆ ಏನೂ ಹೊಳೆಯೋದೇ ಇಲ್ಲ. ಎಲ್ಲಿಂದ ಶುರು ಮಾಡಬೇಕು?

ಎಲ್ಲರೂ ಕೇಳುವ ಪ್ರಶ್ನೆ ಇದು. ಹೊಳೆಯಲಿ ಎಂದು ಕಾಯಬೇಡಿ. ಲೆಕ್ಕವನ್ನು ಸಣ್ಣದು ಮಾಡಿ, ಕೈಯಾರೆ ಬಿಡಿಸಿ, ಸಿಕ್ಕಿದ್ದನ್ನು ಪಟ್ಟಿ ಮಾಡಿ. ಒಂದು ಪ್ರಸಿದ್ಧ ಲೆಕ್ಕದ ಮೇಲೆ ಇದನ್ನು ಪೂರ್ತಿ ಮಾಡಿ ತೋರಿಸುತ್ತೇನೆ.

1914ರ ಡಿಸೆಂಬರ್. ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದ ಪಿ.ಸಿ. ಮಹಲನೋಬಿಸ್ ಅವರು ರಾಮಾನುಜನ್ ಅವರ ಕೋಣೆಗೆ ಹೋಗಿ, ಸ್ಟ್ರ್ಯಾಂಡ್ ಎಂಬ ಪತ್ರಿಕೆಯಲ್ಲಿ ಬಂದ ಒಗಟೊಂದನ್ನು ಓದಿ ಹೇಳುತ್ತಾರೆ. ರಾಮಾನುಜನ್ ಒಲೆಯ ಮುಂದೆ ಬಾಣಲೆಯಲ್ಲಿ ತರಕಾರಿ ಕೈಯಾಡಿಸುತ್ತಿದ್ದರು. ಒಗಟು ಇಷ್ಟು: ಒಂದು ಬೀದಿಯ ಒಂದೇ ಸಾಲಿನ ಮನೆಗಳಿಗೆ 1, 2, 3 ಎಂದು ಸಂಖ್ಯೆ ಹಾಕಿದ್ದಾರೆ. ನನ್ನ ಗೆಳೆಯನ ಮನೆಯ ಎಡಕ್ಕಿರುವ ಮನೆಗಳ ಸಂಖ್ಯೆಗಳ ಮೊತ್ತವೂ ಬಲಕ್ಕಿರುವವುಗಳ ಮೊತ್ತವೂ ಸಮ. ಬೀದಿಯಲ್ಲಿ 50ಕ್ಕಿಂತ ಹೆಚ್ಚು, 500ಕ್ಕಿಂತ ಕಡಿಮೆ ಮನೆಗಳಿವೆ. ಗೆಳೆಯನ ಮನೆಯ ಸಂಖ್ಯೆ ಎಷ್ಟು?

ಮಹಲನೋಬಿಸ್ ಒಂದೆರಡು ಸಂಖ್ಯೆ ಹಾಕಿ ನೋಡಿ ಉತ್ತರ ಕಂಡುಕೊಂಡಿದ್ದರು. ರಾಮಾನುಜನ್ ಬಾಣಲೆ ಬಿಡದೆಯೇ "ಬರ್ಕೊಳ್ಳಿ" ಎಂದು ಒಂದು ಸರಪಳಿ ಭಿನ್ನರಾಶಿಯನ್ನು (ಛೇದದೊಳಗೊಂದು ಭಿನ್ನರಾಶಿ, ಅದರ ಛೇದದೊಳಗೆ ಇನ್ನೊಂದು ಎಂದು ಮುಂದುವರಿಯುವಂಥದ್ದು) ಹೇಳಿದರು. ಅದರಲ್ಲಿ ಈ ಉತ್ತರ ಮಾತ್ರವಲ್ಲ, ಎಷ್ಟು ಉದ್ದದ ಬೀದಿಯಾದರೂ ಬರಬಹುದಾದ ಎಲ್ಲ ಉತ್ತರಗಳೂ ಇದ್ದವು. ನಾವು ರಾಮಾನುಜನ್ ಅಲ್ಲವಲ್ಲ, ಸಣ್ಣ ಬೀದಿಯಿಂದ ಹೊರಡೋಣ.

ಎರಡು ಮನೆಯ ಬೀದಿ: ಆಗುವುದಿಲ್ಲ. ಮೂರು, ನಾಲ್ಕು, ಐದು: ಇಲ್ಲ. ಎಂಟು ಮನೆಗೆ ಬಂದಾಗ 1+2+3+4+5 = 15, 7+8 = 15. ಸಿಕ್ಕಿತು, ಮನೆ 6. ಇಲ್ಲಿಂದ 9, 10, 11 ಎಂದು ಹೋಗುತ್ತಾ ಇದ್ದರೆ ಕೈ ಸೋಲುತ್ತದೆ, ಆದರೆ ಕೈ ಸೋಲುವಷ್ಟು ಮಾಡಿದವನಿಗೇ ಕೂಡುವ ಕೆಲಸ ಕಡಿಮೆ ಮಾಡಿಕೊಳ್ಳುವ ಆಸೆ ಹುಟ್ಟುವುದು. ಗೆಳೆಯನ ಮನೆ ಮ, ಒಟ್ಟು ಮನೆ ನ ಎನ್ನೋಣ. ಎಡಗಡೆಯ ಮೊತ್ತ ಮ(ಮ−1)/2. ಬಲಗಡೆಯದೂ ಅಷ್ಟೇ. ಎರಡನ್ನೂ ಕೂಡಿ, ಗೆಳೆಯನ ಮನೆಯನ್ನೂ ಸೇರಿಸಿದರೆ ಮ(ಮ−1) + ಮ, ಅಂದರೆ ಮ². ಅದು ಬೀದಿಯ ಒಟ್ಟು ಮೊತ್ತಕ್ಕೆ ಸಮ:

ಮ² = ನ(ನ+1)/2

ಬೀದಿ, ಮನೆ, ಗೆಳೆಯ ಎಲ್ಲ ಮಾಯ. ಉಳಿದದ್ದು ಒಂದೇ ಪ್ರಶ್ನೆ: 1ರಿಂದ ನವರೆಗಿನ ಮೊತ್ತ ಯಾವಾಗ ಪೂರ್ಣವರ್ಗವಾಗುತ್ತದೆ? ಎರಡೂ ಕಡೆ 8ರಿಂದ ಗುಣಿಸಿ 1 ಕೂಡಿಸಿದರೆ

(2ನ+1)² − 8ಮ² = 1

ಇದು ಬ್ರಹ್ಮಗುಪ್ತ 628ರಲ್ಲೇ ಕೈಹಾಕಿದ, ಆಮೇಲೆ ಎರಡನೇ ಭಾಸ್ಕರಾಚಾರ್ಯ ಹಿಡಿದುಕೊಂಡ ವರ್ಗಪ್ರಕೃತಿಯ ಸಮೀಕರಣ. ಅತಿ ಸಣ್ಣ ಉತ್ತರ ಕಣ್ಣಿಗೇ ಕಾಣುತ್ತದೆ: 3² − 8×1² = 1. ಬ್ರಹ್ಮಗುಪ್ತನ 'ಭಾವನೆ' ಎಂಬ ಕ್ರಮದಲ್ಲಿ, ಅಂದರೆ ಎರಡು ಉತ್ತರಗಳನ್ನು ಬೆರೆಸಿ ಹೊಸದೊಂದನ್ನು ಪಡೆಯುವ ಕ್ರಮದಲ್ಲಿ, ಒಂದು ಉತ್ತರ (ಅ, ಬ) ಸಿಕ್ಕಿದರೆ ಮುಂದಿನದು (3ಅ + 8ಬ, ಅ + 3ಬ). ಹೀಗೆ (3, 1), (17, 6), (99, 35), (577, 204). ಮೊದಲ ಸಂಖ್ಯೆಯಿಂದ 1 ಕಳೆದು ಅರ್ಧ ಮಾಡಿದರೆ ಬೀದಿಯ ಉದ್ದ: 1, 8, 49, 288. ಗೆಳೆಯ 288 ಮನೆಯ ಬೀದಿಯಲ್ಲಿ 204ನೇ ಮನೆಯವನು. ಮುಂದಿನ ಬೀದಿ 1681 ಮನೆಯದು, 500 ದಾಟಿಹೋಯಿತು. ಪ್ರಶ್ನೆಯಲ್ಲಿ "50ಕ್ಕಿಂತ ಹೆಚ್ಚು" ಎಂದು ಯಾಕೆ ಹಾಕಿದ್ದರು ಎನ್ನುವುದೂ ಈಗ ಬಯಲಾಯಿತು, 49 ಮನೆಯ ಬೀದಿಯನ್ನು ಹೊರಗಿಡಲು. ಒಳ್ಳೆಯ ಲೆಕ್ಕದಲ್ಲಿ ಪ್ರತಿ ಅಂಕಿಗೂ ಒಂದು ಕಾರಣ ಇರುತ್ತದೆ. ಸಿಕ್ಕಿಹಾಕಿಕೊಂಡಾಗ "ಈ ಅಂಕಿ ಇಲ್ಲಿ ಯಾಕಿದೆ?" ಎಂದು ಕೇಳಿಕೊಳ್ಳಿ.

ಸಣ್ಣ ಸಂಖ್ಯೆ ಹಾಕಿ ನೋಡಿದೆ, ಆದರೂ ದಾರಿ ಕಾಣಲಿಲ್ಲ. ಆಮೇಲೆ?

ಏನು ಬದಲಾಗುತ್ತಿಲ್ಲ ಎಂದು ಹುಡುಕಿ. ಬೋರ್ಡಿನ ಮೇಲೆ 1ರಿಂದ 10ರವರೆಗೆ ಬರೆದಿದೆ. ಯಾವುದಾದರೂ ಎರಡನ್ನು ಅಳಿಸಿ ಅವುಗಳ ವ್ಯತ್ಯಾಸ ಬರೆಯಬೇಕು. ಹೀಗೆ ಮಾಡುತ್ತಾ ಕೊನೆಗೆ ಒಂದೇ ಸಂಖ್ಯೆ ಉಳಿಯುತ್ತದೆ. ಅದು 0 ಆಗಬಹುದೇ?

ಮಕ್ಕಳಿಗೆ ಇದನ್ನು ಕೊಟ್ಟರೆ ಸುಮ್ಮನೆ ನೋಡುತ್ತಾ ಕೂರುವುದೇ ಚೆಂದ. ಮೊದಲು ಎಲ್ಲರೂ 0 ತರಲು ಹಟ ಹಿಡಿಯುತ್ತಾರೆ. 1 ಬರುತ್ತದೆ, 3 ಬರುತ್ತದೆ, ಇನ್ನೊಬ್ಬರಿಗೆ 5. ಯಾರೋ ಒಬ್ಬಳು "ಸರ್, ಬರೀ ಬೆಸವೇ ಬರ್ತಿದೆ" ಎನ್ನುತ್ತಾಳೆ. ಲೆಕ್ಕ ಬಿಡಿಸುವ ಕೆಲಸ ಅಲ್ಲಿ ನಿಜವಾಗಿ ಶುರು. ಎರಡು ಸಂಖ್ಯೆಗಳ ಮೊತ್ತ ಸಮವಾದರೆ ವ್ಯತ್ಯಾಸವೂ ಸಮ, ಬೆಸವಾದರೆ ಬೆಸ. ಹಾಗಾಗಿ ಎಷ್ಟೇ ಅಳಿಸಿ ಬರೆದರೂ ಬೋರ್ಡಿನ ಒಟ್ಟು ಮೊತ್ತದ ಸಮ-ಬೆಸ ಗುಣ ಹಾಗೇ ಉಳಿಯುತ್ತದೆ. ಶುರುವಿನಲ್ಲಿ ಮೊತ್ತ 55, ಬೆಸ. ಕೊನೆಗೆ ಉಳಿಯುವುದೂ ಬೆಸವೇ. 0 ಬರಲು ಸಾಧ್ಯವೇ ಇಲ್ಲ.

ಸಾವಿರ ಸಲ ಮಾಡಿ ನೋಡಿದರೂ ಸಿಗದ ಖಾತ್ರಿ ಆ ನಾಲ್ಕು ಸಾಲಿನಲ್ಲಿ ಸಿಗುತ್ತದೆ. ಇದಲ್ಲದೆ ಇನ್ನೂ ಕೆಲವು ಪಟ್ಟುಗಳಿವೆ: ಅತಿ ದೊಡ್ಡದನ್ನೋ ಅತಿ ಸಣ್ಣದನ್ನೋ ಹಿಡಿದು ನೋಡುವುದು, ಚೌಕಗಳಿಗೆ ಬಣ್ಣ ಹಚ್ಚುವುದು, ಉತ್ತರದಿಂದ ಹಿಮ್ಮುಖವಾಗಿ ಬರುವುದು, "ಇಲ್ಲ" ಎಂದುಕೊಂಡು ಹೊರಟು ವಿರೋಧಾಭಾಸ ಮುಟ್ಟುವುದು. ಹೆಸರು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಒಂದೊಂದನ್ನೂ ಸ್ವಂತ ಲೆಕ್ಕವೊಂದರಲ್ಲಿ ಬಳಸಿದ ಮೇಲೆಯೇ ಅದು ನಿಮ್ಮದಾಗುವುದು.

ಒಂದು ಲೆಕ್ಕಕ್ಕೆ ಎಷ್ಟು ಹೊತ್ತು ಕೊಡಬೇಕು? ಉತ್ತರ ಯಾವಾಗ ನೋಡಬಹುದು?

ಸಿಇಟಿಯಲ್ಲಿ ಗಣಿತಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ. ಅಂತರರಾಷ್ಟ್ರೀಯ ಒಲಿಂಪಿಯಾಡ್‌ನಲ್ಲಿ ಒಂದು ದಿನಕ್ಕೆ ನಾಲ್ಕೂವರೆ ಗಂಟೆ, ಮೂರೇ ಪ್ರಶ್ನೆ. ಜಗತ್ತಿನ ಅತ್ಯಂತ ಚುರುಕು ಮಕ್ಕಳಿಗೇ ಒಂದಕ್ಕೆ ಒಂದೂವರೆ ಗಂಟೆ ಕೊಟ್ಟಿರುವಾಗ, ಹತ್ತು ನಿಮಿಷದಲ್ಲಿ ಬರಲಿಲ್ಲ ಎಂದು ನಾವು ಮುಖ ಸಪ್ಪೆ ಮಾಡುವುದರಲ್ಲಿ ಅರ್ಥವಿಲ್ಲ.

ನನ್ನ ಮಾತು ಕೇಳುವುದಾದರೆ, ಹಾಳೆಯಲ್ಲಿ ಏನಾದರೂ ಹೊಸದು ಬೀಳುತ್ತಿರುವವರೆಗೆ ಕೂರಿ. ಬರೆದದ್ದನ್ನೇ ಮತ್ತೆ ಬರೆಯುತ್ತಿದ್ದೀರಿ ಎನಿಸಿದರೆ ಎದ್ದುಹೋಗಿ, ನಾಳೆ ನೋಡಿ. ಮೂರ್ನಾಲ್ಕು ದಿನವಾದರೂ ಆಗಲಿಲ್ಲವೆಂದರೆ ಉತ್ತರದ ಮೊದಲ ಸಾಲನ್ನಷ್ಟೇ ಓದಿ, ಉಳಿದದ್ದನ್ನು ಕೈಯಿಂದ ಮುಚ್ಚಿ, ಮತ್ತೆ ಹಿಡಿಯಿರಿ. ಪೂರ್ತಿ ಉತ್ತರ ಓದಿ "ಓ, ಇಷ್ಟೇನಾ" ಎಂದು ತಲೆಯಾಡಿಸಿದ ಲೆಕ್ಕ ಬಿಡಿಸಿದ ಲೆಕ್ಕವಲ್ಲ. ವಾರ ಬಿಟ್ಟು ಖಾಲಿ ಹಾಳೆಯಲ್ಲಿ ಅದನ್ನೇ ಬರೆಯಲು ಕೂತು ನೋಡಿ, ಎಷ್ಟು ಉಳಿದಿದೆ ಎಂದು ತಿಳಿಯುತ್ತದೆ. ಯೂಟ್ಯೂಬ್ ವಿಡಿಯೊಗಳ ಮೇಲೆ ನನಗೆ ಇರುವ ಸಿಟ್ಟೂ ಇದೇ: ಪ್ರಶ್ನೆ ಹೇಳಿದ ಮರುಕ್ಷಣ ಉತ್ತರ ಶುರು. ವಿಡಿಯೊ ನಿಲ್ಲಿಸುವ ಗುಂಡಿ ಒತ್ತುವ ಸಂಯಮ ಇದ್ದರೆ ಧಾರಾಳವಾಗಿ ನೋಡಿ.

ಉತ್ತರ ಸರಿಯಾಗಿಯೇ ಇದೆ, ಆದರೆ "ಸಾಧನೆ (ಪ್ರೂಫ್) ಎಲ್ಲಿ?" ಅಂತೀರಿ. ಹತ್ತು ಉದಾಹರಣೆ ನೋಡಿದರೆ ಸಾಲದಾ?

ಸಾಲದು. ವೃತ್ತದ ಮೇಲೆ ಬಿಂದುಗಳನ್ನು ಇಟ್ಟು ಪ್ರತಿ ಎರಡನ್ನೂ ಗೆರೆಯಿಂದ ಜೋಡಿಸಿ. ಮೂರು ಗೆರೆಗಳು ಒಳಗೆ ಒಂದೇ ಕಡೆ ಸೇರದಂತೆ ನೋಡಿಕೊಳ್ಳಿ. ವೃತ್ತ ಎಷ್ಟು ತುಂಡಾಯಿತು? ಒಂದು ಬಿಂದುವಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ ಎಷ್ಟು ಎಂದು ಕೇಳಿದರೆ ಇಡೀ ಕೋಣೆ 32 ಎಂದು ಕೂಗುತ್ತದೆ. ಎಣಿಸಿ ನೋಡಿ, 31.

ಇನ್ನೊಂದು, ಗಣಿತಜ್ಞ ಆಯ್ಲರ್ ಕೊಟ್ಟದ್ದು: ನ² + ನ + 41. ನ ಜಾಗದಲ್ಲಿ 0, 1, 2 ಎಂದು 39ರವರೆಗೆ ಹಾಕುತ್ತಾ ಹೋಗಿ, ಪ್ರತಿ ಸಲವೂ ಅವಿಭಾಜ್ಯ ಸಂಖ್ಯೆಯೇ ಬರುತ್ತದೆ. ನಲವತ್ತು ಸಾಕ್ಷಿಗಳು. ನ = 40 ಹಾಕಿದ ತಕ್ಷಣ 1681, ಅಂದರೆ 41 × 41. ಉದಾಹರಣೆಗಳು ಊಹೆ ಹುಟ್ಟಿಸಲು ಬೇಕು, ಅದನ್ನು ನಿಲ್ಲಿಸಲು ಅವುಗಳ ಕೈಯಲ್ಲಾಗುವುದಿಲ್ಲ.

ಬರೆಯುವಾಗ ಒಂದು ಕಿವಿಮಾತು. ರಫ್ ಹಾಳೆಯಲ್ಲಿ ನೀವು ಹುಡುಕಿದ ಕ್ರಮ ಬೇರೆ, ಓದುವವರಿಗೆ ಹೇಳುವ ಕ್ರಮ ಬೇರೆ. "ಆದ್ದರಿಂದ" ಎಂದು ಬರೆದ ಪ್ರತಿ ಕಡೆಯೂ ನಿಂತು, ಯಾವುದರಿಂದ ಎಂದು ಬೆರಳಿಟ್ಟು ತೋರಿಸಲು ಆಗುತ್ತದೆಯೇ ನೋಡಿ. "ಸ್ಪಷ್ಟವಾಗಿ" ಎಂಬ ಪದ ಕಂಡಲ್ಲಿ ನಾನು ಕೆಂಪು ಪೆನ್ನು ತೆಗೆಯುತ್ತೇನೆ. ತಪ್ಪು ಸಾಮಾನ್ಯವಾಗಿ ಅದರ ಹಿಂದೆಯೇ ಅಡಗಿರುತ್ತದೆ.

ಅಬ್ಯಾಕಸ್, ವೇದಗಣಿತದ ಕ್ಲಾಸಿಗೆ ಸೇರಿಸಿದರೆ ಇದಕ್ಕೆ ಅನುಕೂಲವಾಗುತ್ತದಾ?

ವೇಗವಾಗಿ ಗುಣಿಸಲು ಬರುತ್ತದೆ, ಅಷ್ಟೇ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಜಗತ್ತನ್ನೇ ಬೆರಗುಗೊಳಿಸಿದರು. ಅದು ಅಪರೂಪದ ಪ್ರತಿಭೆ. ಆದರೆ 0 ಯಾಕೆ ಬರುವುದಿಲ್ಲ ಎಂದು ತೋರಿಸಿದ ಆ ಬೋರ್ಡಿನ ಲೆಕ್ಕದಲ್ಲಿ ಗುಣಾಕಾರವೇ ಇರಲಿಲ್ಲ ನೋಡಿ. ಕೂಡುವುದರಲ್ಲಿ ನಿಧಾನವಾದ ಮಕ್ಕಳು ಇಂಥ ಲೆಕ್ಕದಲ್ಲಿ ಮುಂದಿರುವುದು ಹೊಸ ವಿಷಯವೇನಲ್ಲ.

ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆದು ಉತ್ತರ ತೆಗೆದರೆ ಮೋಸವಾ?

ಮೋಸವೇನಿಲ್ಲ, ಅಲ್ಲಿಗೇ ನಿಲ್ಲಿಸದಿದ್ದರೆ. ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ದ.ರಾ. ಕಾಪ್ರೇಕರ್ 1949ರಲ್ಲಿ ಹೇಳಿದ ಸಂಗತಿ ತೆಗೆದುಕೊಳ್ಳಿ. ನಾಲ್ಕಂಕಿಯ ಒಂದು ಸಂಖ್ಯೆ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆಯಲ್ಲಿ ಜೋಡಿಸಿ, ಏರಿಕೆಯಲ್ಲಿ ಜೋಡಿಸಿದ್ದನ್ನು ಕಳೆಯಿರಿ. ಬಂದದ್ದಕ್ಕೂ ಹಾಗೇ ಮಾಡಿ. 2025ರಿಂದ ಹೊರಟರೆ:

5220 − 0225 = 4995
9954 − 4599 = 5355
5553 − 3555 = 1998
9981 − 1899 = 8082
8820 − 0288 = 8532
8532 − 2358 = 6174

6174ಕ್ಕೆ ಮಾಡಿದರೆ ಮತ್ತೆ 6174. ಎಲ್ಲಿಂದ ಹೊರಟರೂ ಏಳು ಹೆಜ್ಜೆಯೊಳಗೆ ಇಲ್ಲಿಗೇ ಬಂದು ಸೇರುತ್ತದೆ. (ಅಂದಹಾಗೆ 45ರ ವರ್ಗ 2025, 20 + 25 = 45. ಇಂಥವಕ್ಕೆ ಕಾಪ್ರೇಕರ್ ಸಂಖ್ಯೆಗಳೆಂದೇ ಹೆಸರು. ಮೇಷ್ಟ್ರು ಒಂದು ಸಂಖ್ಯೆಯನ್ನೂ ಸುಮ್ಮನೆ ಬಿಟ್ಟವರಲ್ಲ.)

ಪೈಥಾನ್ ಬರುವ ಹುಡುಗ ಹತ್ತು ಸಾಲು ಬರೆದು ಎಲ್ಲ ಸಂಖ್ಯೆಗಳನ್ನೂ ಕಣ್ಣುಮಿಟುಕಿಸುವುದರೊಳಗೆ ಪರೀಕ್ಷಿಸಿಬಿಡುತ್ತಾನೆ. ಅದು ಸರಿಯೇ. ಆದರೆ ಕಾಗದದ ಮೇಲೆ ಒಂದು ಹೆಜ್ಜೆ ಇಟ್ಟು ನೋಡಿ. ಇಳಿಕೆಯಲ್ಲಿ ಜೋಡಿಸಿದ ಅಂಕಿಗಳು ಅ, ಬ, ಕ, ಡ ಆದರೆ ಕಳೆದಾಗ ಬರುವುದು 999(ಅ − ಡ) + 90(ಬ − ಕ). ಅಂದರೆ ನಾಲ್ಕು ಅಂಕಿಗಳ ಗೊಡವೆಯೇ ಬೇಡ, ಹೊರಗಿನ ಎರಡರ ವ್ಯತ್ಯಾಸ, ಒಳಗಿನ ಎರಡರ ವ್ಯತ್ಯಾಸ ಇಷ್ಟೇ ಸಾಕು. ಹೊರಗಿನದು 1ರಿಂದ 9, ಒಳಗಿನದು 0ಯಿಂದ ಹೊರಗಿನದರವರೆಗೆ. ಎಣಿಸಿದರೆ ಒಟ್ಟು 54 ಜೋಡಿ. ಹತ್ತು ಸಾವಿರದಷ್ಟು ಸಂಖ್ಯೆಗಳು ಒಂದು ಪುಟದ ಕೋಷ್ಟಕಕ್ಕೆ ಇಳಿದವು, ಈಗ ಕೈಯಲ್ಲೇ ಸಾಧಿಸಬಹುದು.

ಎಐ ಬಗ್ಗೆಯೂ ಕೇಳುತ್ತಾರೆ. 2024ರ ಒಲಿಂಪಿಯಾಡ್ ಪ್ರಶ್ನೆಗಳಲ್ಲಿ ಗೂಗಲ್ ಡೀಪ್‌ಮೈಂಡ್‌ನ ವ್ಯವಸ್ಥೆಗಳು 42ಕ್ಕೆ 28 ಅಂಕ ಗಳಿಸಿ ಬೆಳ್ಳಿಯ ಮಟ್ಟ ಮುಟ್ಟಿದವು. ಮರುವರ್ಷವೇ ಚಿನ್ನದ ಮಟ್ಟದ 35 ಬಂತು. ಹಾಗಾಗಿ ಚಾಟ್‌ಬಾಟ್ ನಿಮ್ಮ ಲೆಕ್ಕ ಬಿಡಿಸಿಕೊಡಬಹುದು. ಬಿಡಿಸು ಎನ್ನುವ ಬದಲು, ನೀವು ಬರೆದ ಸಾಧನೆಯನ್ನು ಕೊಟ್ಟು ತಪ್ಪು ಹುಡುಕು ಎನ್ನಿ. ಅದು ಹುಡುಕಿದ "ತಪ್ಪು" ನಿಜವಾಗಿ ತಪ್ಪೇ ಎಂದು ನೀವೇ ತೀರ್ಮಾನಿಸಿ, ಕೆಲವೊಮ್ಮೆ ಅದು ಸುಳ್ಳೇ ಇರುತ್ತದೆ.

ನಾನು ಕನ್ನಡ ಮಾಧ್ಯಮ. ಇದೆಲ್ಲ ಇಂಗ್ಲಿಷಿನವರಿಗೆ ಮಾತ್ರ ಅಲ್ಲವಾ?

ಪುಸ್ತಕಗಳು ಹೆಚ್ಚಿನವು ಇಂಗ್ಲಿಷಿನಲ್ಲಿರುವುದು ನಿಜ, ಅದು ತೊಡಕೇ. ಆದರೆ ಪ್ರಶ್ನೆಗಳು ಚಿಕ್ಕವು, ಪದೇ ಪದೇ ಬರುವ ಪದಗಳು ಕೈಬೆರಳೆಣಿಕೆಯಷ್ಟು. ಯೋಚನೆ ಕನ್ನಡದಲ್ಲೇ ನಡೆಯಲಿ, ಸಾಧನೆಯನ್ನೂ ಮೊದಲು ಕನ್ನಡದಲ್ಲೇ ಬರೆಯಿರಿ. ಅಂತರರಾಷ್ಟ್ರೀಯ ಒಲಿಂಪಿಯಾಡ್‌ನಲ್ಲೇ ಮಕ್ಕಳು ತಮ್ಮ ತಮ್ಮ ಭಾಷೆಯಲ್ಲಿ ಉತ್ತರ ಬರೆಯುತ್ತಾರೆ.

ಮೋಜಿನ ಲೆಕ್ಕ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡ ಪದ್ಯದಲ್ಲೇ ಗಣಿತ ಬರೆದ. ಅದಕ್ಕೂ ಮುಂಚೆ, ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ರಚಿಸಿದ. ಅದರಲ್ಲೊಂದು ಲೆಕ್ಕ: ಮೂವರು ವ್ಯಾಪಾರಿಗಳಿಗೆ ದಾರಿಯಲ್ಲಿ ಹಣದ ಚೀಲ ಸಿಗುತ್ತದೆ. ಮೊದಲನೆಯವನು, "ಚೀಲ ನನಗೆ ಸಿಕ್ಕರೆ ನಿಮ್ಮಿಬ್ಬರ ಹಣ ಸೇರಿಸಿದ್ದರ ಎರಡರಷ್ಟು ನನ್ನ ಬಳಿ ಇರುತ್ತದೆ" ಎನ್ನುತ್ತಾನೆ. ಎರಡನೆಯವನು, "ನನಗೆ ಸಿಕ್ಕರೆ ಮೂರರಷ್ಟು" ಎನ್ನುತ್ತಾನೆ. ಮೂರನೆಯವನು, "ನನಗಾದರೆ ಐದರಷ್ಟು". ಯಾರ ಬಳಿ ಎಷ್ಟಿತ್ತು, ಚೀಲದಲ್ಲಿ ಎಷ್ಟಿತ್ತು?

ನಾಲ್ಕು ಅಜ್ಞಾತ, ಮೂರು ಸಮೀಕರಣ ಎಂದು ಕೈಚೆಲ್ಲಬೇಡಿ. ಚೀಲವೂ ಸೇರಿ ಒಟ್ಟು ಹಣ ಎಷ್ಟೋ, ಅದು ಎಲ್ಲರ ಮಾತಿನಲ್ಲೂ ಒಂದೇ. ಮೊದಲನೆಯವನ ಪ್ರಕಾರ ಒಟ್ಟು ಹಣವು ಉಳಿದಿಬ್ಬರದರ 3 ಪಟ್ಟು. ಎರಡನೆಯವನ ಪ್ರಕಾರ ಉಳಿದಿಬ್ಬರದರ 4 ಪಟ್ಟು, ಮೂರನೆಯವನ ಪ್ರಕಾರ 6 ಪಟ್ಟು. ಒಟ್ಟನ್ನು 12 ಎಂದುಕೊಂಡರೆ ಆ ಜೋಡಿಗಳ ಹಣ 4, 3, 2. ಮೂರನ್ನೂ ಕೂಡಿದರೆ 9, ಅದು ಮೂವರ ಹಣದ ಎರಡರಷ್ಟು. ಅರ್ಧ ಬರುವುದು ಬೇಡವೆಂದು ಒಟ್ಟನ್ನು 24 ಮಾಡಿ: ಜೋಡಿಗಳು 8, 6, 4, ಮೂವರದೂ ಸೇರಿ 9. ಹಾಗಾದರೆ ಒಬ್ಬೊಬ್ಬರ ಬಳಿ 1, 3, 5, ಚೀಲದಲ್ಲಿ 15. ಇದು ಅತಿ ಸಣ್ಣ ಉತ್ತರ, ಇದರ ಗುಣಿತಗಳೆಲ್ಲವೂ ನಡೆಯುತ್ತವೆ. ಬದಲಾಗದ್ದನ್ನು ಹುಡುಕಿ ಎಂದು ಮೇಲೆ ಹೇಳಿದ್ದೆನಲ್ಲ, ಇಲ್ಲೂ ಅದೇ ಪಟ್ಟು.

ಒಲಿಂಪಿಯಾಡ್ ಹಾದಿ ಹೇಗಿದೆ?

ಮೊದಲು ಐಒಕ್ಯೂಎಂ ಎಂಬ ಅರ್ಹತಾ ಪರೀಕ್ಷೆ: ಮೂರು ಗಂಟೆ, 30 ಪ್ರಶ್ನೆ, ಉತ್ತರಗಳೆಲ್ಲ ಎರಡಂಕಿಯೊಳಗಿನ ಪೂರ್ಣಾಂಕಗಳು. ಅಲ್ಲಿಂದ ಆಯ್ಕೆಯಾದವರಿಗೆ ಪ್ರಾದೇಶಿಕ ಮಟ್ಟದ ಆರ್‌ಎಂಒ, ಆಮೇಲೆ ರಾಷ್ಟ್ರಮಟ್ಟದ ಐಎನ್‌ಎಂಒ. ಇವೆರಡರಲ್ಲೂ ಸಾಧನೆ ಬರೆಯಬೇಕು. ಅದರಲ್ಲಿ ಗೆದ್ದವರಿಗೆ ತರಬೇತಿ ಶಿಬಿರ, ಕೊನೆಗೆ ಆರು ಜನರ ತಂಡ. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಇದರ ಹೊಣೆ ಹೊತ್ತಿದೆ. ವಯಸ್ಸು, ತರಗತಿ, ಶುಲ್ಕದ ನಿಯಮಗಳು ವರ್ಷ ವರ್ಷ ಬದಲಾಗುವುದರಿಂದ ಅವರ ಜಾಲತಾಣವನ್ನೇ ನೋಡಿ, ಫಾರ್ವರ್ಡ್ ಸಂದೇಶಗಳನ್ನಲ್ಲ. ಭಾರತ ಈ ಸ್ಪರ್ಧೆಗೆ ಮೊದಲು ಹೋದದ್ದು 1989ರಲ್ಲಿ, 1996ರಲ್ಲಿ ಮುಂಬೈಯಲ್ಲೇ ಅದು ನಡೆಯಿತು, 2024ರಲ್ಲಿ ನಾಲ್ಕು ಚಿನ್ನದೊಂದಿಗೆ ನಾಲ್ಕನೇ ಸ್ಥಾನ ಬಂತು.

ಶಾಲೆಯಲ್ಲಿ ದುಡ್ಡು ಕಟ್ಟಿಸಿಕೊಂಡು ನಡೆಸುವ, ಮೆಡಲ್ ಹಂಚುವ ಖಾಸಗಿ "ಒಲಿಂಪಿಯಾಡ್"ಗಳೇ ಬೇರೆ, ಇದೇ ಬೇರೆ.

ಸಿಇಟಿ, ಜೆಇಇ ಓದಿನ ನಡುವೆ ಇದಕ್ಕೆ ಸಮಯ ಹಾಳು ಮಾಡಬೇಕಾ?

ದ್ವಿತೀಯ ಪಿಯುವಿನ ಕೊನೆಯ ತಿಂಗಳುಗಳಲ್ಲಿ ಬೇಡ. ಅದಕ್ಕಿಂತ ಮುಂಚೆ ವಾರಕ್ಕೊಂದು ಲೆಕ್ಕ ಇಟ್ಟುಕೊಂಡರೆ ಯಾವ ರ‍್ಯಾಂಕೂ ತಪ್ಪಿಹೋಗುವುದಿಲ್ಲ. ಇದರಿಂದ ಸಿಇಟಿ ಅಂಕ ಏರುತ್ತದೆ ಎಂದು ನಾನು ಹೇಳಲಾರೆ, ಅಲ್ಲಿ ಬೇಕಿರುವ ವೇಗವೇ ಬೇರೆ. ಆದರೆ ಗಣಿತವನ್ನೇ ಮುಂದೆ ಓದುವ ಆಸೆಯಿದ್ದರೆ, ಬೆಂಗಳೂರಿನಲ್ಲೇ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಬಿ.ಮ್ಯಾಥ್ ಇದೆ, ಚೆನ್ನೈ ಹತ್ತಿರ ಸಿರುಸೇರಿಯಲ್ಲಿ ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್ ಇದೆ. ಅಲ್ಲಿನ ಓದಿಗೆ ಬೇಕಾದದ್ದು ಈ ಅಭ್ಯಾಸವೇ. ಬೀದಿಯ ಒಗಟು ತಂದ ಅದೇ ಮಹಲನೋಬಿಸ್ ಆ ಮೊದಲ ಸಂಸ್ಥೆಯನ್ನು ಕಟ್ಟಿದವರು.

ನಮಗೆ ಗಣಿತ ಬರುವುದಿಲ್ಲ. ಮಗಳಿಗೆ ಮನೆಯಲ್ಲಿ ಹೇಗೆ ಸಹಾಯ ಮಾಡುವುದು?

"ನನಗೆ ಅರ್ಥವಾಗುವ ಹಾಗೆ ಹೇಳು ಪುಟ್ಟಿ" ಎನ್ನಿ. ಅರ್ಥವಾಗದಿದ್ದರೆ ಆಗಲಿಲ್ಲ ಎನ್ನಿ. ಇನ್ನೇನೂ ಬೇಡ. ಎಷ್ಟಾಯಿತು, ಮುಗೀತಾ ಎಂದು ಗಡಿಯಾರ ನೋಡಬೇಡಿ.

ರೇಖಾಗಣಿತದ ಲೆಕ್ಕ ಮಾತ್ರ ಕೈಗೇ ಹತ್ತುವುದಿಲ್ಲ.

ಚಿತ್ರ ಚಿಕ್ಕದಾಗಿ ಬರೆಯುತ್ತೀರಿ, ಅದಕ್ಕೆ. ಅರ್ಧ ಪುಟದಷ್ಟು ದೊಡ್ಡದಾಗಿ, ಕೈವಾರ, ಅಳತೆಪಟ್ಟಿ ಹಿಡಿದು ಬರೆಯಿರಿ. ತ್ರಿಭುಜ ಸಮಬಾಹುವಿನಂತೆ ಕಾಣಬಾರದು, ಕಂಡರೆ ಇಲ್ಲದ ಗುಣಗಳೂ ಕಾಣುತ್ತವೆ. ಸಮ ಕೋನಗಳಿಗೆಲ್ಲ ಒಂದೇ ಗುರುತು ಹಾಕಿ, ನಾಲ್ಕು ಬಿಂದುಗಳು ಒಂದೇ ವೃತ್ತದ ಮೇಲೆ ಬೀಳುತ್ತವೆಯೇ ಎಂದು ಹುಡುಕಿ. ಅರ್ಧಕ್ಕರ್ಧ ಲೆಕ್ಕಗಳು ಅಲ್ಲೇ ಬಾಯಿಬಿಡುತ್ತವೆ.

ಕೂರಲು ಕೆಲವು ಲೆಕ್ಕ ಕೊಡಿ.

ಸುಲಭದಿಂದ ಕಷ್ಟಕ್ಕೆ:

ಅ) ಬೋರ್ಡಿನ ಮೇಲೆ 1ರಿಂದ 11 ಇದ್ದರೆ ಕೊನೆಗೆ 0 ತರಬಹುದೇ? ಬರಬಹುದು ಎಂದರೆ ಸಾಲದು, ತಂದು ತೋರಿಸಿ.

ಆ) ಮಹಾವೀರಾಚಾರ್ಯನ ವ್ಯಾಪಾರಿಗಳು 2, 3, 5 ಪಟ್ಟಿನ ಬದಲು 2, 3, 4 ಪಟ್ಟು ಎಂದಿದ್ದರೆ? (ಚೀಲದಲ್ಲಿ 73 ಬಂದರೆ ಸರಿ ದಾರಿಯಲ್ಲಿದ್ದೀರಿ.)

ಇ) ಮೂರೂ ಅಂಕಿ ಒಂದೇ ಆಗಿರದ ಮೂರಂಕಿಯ ಸಂಖ್ಯೆಗಳಿಗೆ ಕಾಪ್ರೇಕರ್ ಕ್ರಮ ಮಾಡಿದರೆ 495ಕ್ಕೆ ಬಂದು ನಿಲ್ಲುತ್ತದೆ ಎಂದು ಸಾಧಿಸಿ. ಕಳೆದಾಗ ಬರುವುದು ಯಾವಾಗಲೂ 99ರ ಗುಣಿತ ಎಂದು ಮೊದಲು ತೋರಿಸಿ.

ಈ) ಯಾವುದೇ ಆರು ಜನರ ಗುಂಪಿನಲ್ಲಿ ಪರಸ್ಪರ ಪರಿಚಯವಿರುವ ಮೂವರು, ಇಲ್ಲವೇ ಪರಸ್ಪರ ಪರಿಚಯವಿಲ್ಲದ ಮೂವರು ಇದ್ದೇ ಇರುತ್ತಾರೆ. ಒಬ್ಬರನ್ನು ಹಿಡಿದು ಉಳಿದ ಐವರನ್ನು ನೋಡಿ.

ಉ) 1ರಿಂದ 100ರೊಳಗಿನ ಯಾವುದೇ 51 ಸಂಖ್ಯೆಗಳನ್ನು ಆರಿಸಿದರೂ ಅವುಗಳಲ್ಲಿ ಒಂದು ಇನ್ನೊಂದನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಪ್ರತಿ ಸಂಖ್ಯೆಯನ್ನೂ ಬೆಸವಾಗುವವರೆಗೆ ಅರ್ಧ ಮಾಡುತ್ತಾ ಹೋಗಿ.

ಊ) ವೃತ್ತದ ತುಂಡುಗಳು 1, 2, 4, 8, 16, 31: ಇದರ ಸೂತ್ರ ಕಂಡುಹಿಡಿಯಿರಿ. ಒಳಗಿನ ಪ್ರತಿ ಛೇದನ ಬಿಂದುವಿನ ಹಿಂದೆ ವೃತ್ತದ ಮೇಲಿನ ಎಷ್ಟು ಬಿಂದುಗಳಿವೆ?

ಋ) ಅ, ಬ ಧನ ಪೂರ್ಣಾಂಕಗಳು. ಅ×ಬ + 1 ಎಂಬುದು ಅ² + ಬ²ವನ್ನು ನಿಶ್ಶೇಷವಾಗಿ ಭಾಗಿಸಿದರೆ, ಭಾಗಲಬ್ಧ ಪೂರ್ಣವರ್ಗವೇ ಎಂದು ಸಾಧಿಸಿ. ಇದು 1988ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಒಲಿಂಪಿಯಾಡ್‌ನ ಆರನೇ ಪ್ರಶ್ನೆ. ಇಡೀ ಜಗತ್ತಿನಿಂದ ಬಂದವರಲ್ಲಿ ಪೂರ್ಣ ಅಂಕ ಪಡೆದವರು 11 ಮಕ್ಕಳು. ಒಂದು ವಾರವಲ್ಲ, ಒಂದು ಬೇಸಿಗೆ ರಜೆ ಕೊಡಿ ಇದಕ್ಕೆ. ಸಣ್ಣ ಉತ್ತರಗಳನ್ನು ಪಟ್ಟಿ ಮಾಡಿದರೆ (2, 8), (8, 30), (30, 112) ಸಿಗುತ್ತವೆ, ಮೂರರಲ್ಲೂ ಭಾಗಲಬ್ಧ 4. ಈಗ 2, 8, 30, 112 ಎಂದು ಸಾಲಾಗಿ ಬರೆದು, 8 ಮತ್ತು 2ರಿಂದ 30 ಹೇಗೆ ಬಂತು, 30 ಮತ್ತು 8ರಿಂದ 112 ಹೇಗೆ ಬಂತು ನೋಡಿ. ಆಮೇಲೆ ಅದೇ ದಾರಿಯಲ್ಲಿ ಹಿಂದಕ್ಕೆ ನಡೆಯಿರಿ, 2ಕ್ಕಿಂತ ಹಿಂದೆ ಏನಿದೆ?